ಹೆಂಡತಿ ಹೆಸರಿನ ಚೀಟಿ

ಎಲ್ರಾಯ್ ಕೆಸಿಂಗನಿಗೆ ಈ ಪ್ರಪಂಚದಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ, ಬಿಂಗೊ ಆಟ ಒಂದನ್ನು ಬಿಟ್ಟು. ಮೂವತ್ತೊಂದು ವರ್ಷ ಕೆಂಟಕಿಯ ಆ ಪುಟ್ಟ ಊರಿನಲ್ಲಿ ಮನೆಮನೆಗೆ ಟಪಾಲು ಹಂಚಿ ನಿವೃತ್ತನಾದವನು. ಕಚ್ಚಿದ ನಾಯಿಯನ್ನೂ ಬೈದವನಲ್ಲ. ಆದರೆ ಪ್ರತಿ ಶನಿವಾರ ಮಧ್ಯಾಹ್ನ ಚರ್ಚಿನ ಹಾಲಿನಲ್ಲಿ ನಲವತ್ತು ಅಜ್ಜಿಯರು ಕೂತು, ಯಾರೋ ಕೂಗಿದ ನಂಬರಿಗೆ ಚುಕ್ಕೆ ಹಾಕಿ, ಮೊದಲು ಸಾಲು ತುಂಬಿದವಳು 'ಬಿಂಗೊ' ಅಂತ ಚೀರಿ ಹಂದಿಯ ತೊಡೆಯೊಂದನ್ನು ಬಹುಮಾನವಾಗಿ ಹೊತ್ತುಕೊಂಡು ಹೋಗುವುದು ಒಂದು ಆಟವೇ? ಅದಕ್ಕೆ ಬುದ್ಧಿ ಬೇಕೆ, ಸಾಧನೆ ಬೇಕೆ? (ಕುದುರೆ ಜೂಜು ಪಾಪ, ಚರ್ಚಿನ ಸೂರಿನಡಿ ಆಡಿದ ಜೂಜು ಧರ್ಮಕಾರ್ಯ ಎಂಬುದು ಅವನ ಹೆಂಡತಿ ವರ್ನಾಳ ಸಿದ್ಧಾಂತ. ಪಾದ್ರಿಗಳದ್ದೂ ಅದೇ.)

ಸಾಧನೆ ಅಂದರೆ ಎಲ್ರಾಯನದು. ಲಾಸ್ ವೇಗಸ್ಸಿನಲ್ಲಿ ನಡೆಯುವ ರಾಷ್ಟ್ರೀಯ ಫೈನಲ್ಲಿಗೆ ಆಯ್ಕೆಯಾಗಬೇಕೆಂದು ಹನ್ನೆರಡು ವರ್ಷದಿಂದ ಒದ್ದಾಡುತ್ತಿದ್ದ. ಅದು ಕುದುರೆ ಓಡಿಸುವವರ ಸ್ಪರ್ಧೆಯಲ್ಲ ಮತ್ತೆ, ಯಾವ ಕುದುರೆ ಗೆಲ್ಲುತ್ತದೆಂದು ಮೊದಲೇ ಹೇಳುವವರ ಸ್ಪರ್ಧೆ. ಊರೂರ ರೇಸ್‌ಕೋರ್ಸಿನಲ್ಲಿ ಅರ್ಹತಾ ಸುತ್ತು. ಹತ್ತು ರೇಸು, ರೇಸಿಗೊಂದು ಕುದುರೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಬರೆದ ಕುದುರೆ ಮೊದಲನೆಯದಾಗಿಯೋ ಎರಡನೆಯದಾಗಿಯೋ ಬಂದರೆ ಅಂಕ. ಯಾರೂ ನಂಬದ ಕುದುರೆ ಗೆದ್ದರೆ ರಾಶಿ ಅಂಕ. ಕೊನೆಗೆ ಮೊದಲ ಇಬ್ಬರಿಗೆ ವೇಗಸ್ಸಿನಲ್ಲಿ ಸೀಟು. ಎಲ್ರಾಯ್ ಎರಡು ಸಲ ಮೂರನೆಯವನಾಗಿದ್ದ. ಒಂದು ಸಲ ಚೀಟಿಯ ಮೇಲೆ ಬಿಸಿಬಿಸಿ ಬರ್ಗೂ ಎಂಬ ಮಾಂಸದ ಸಾರು ಚೆಲ್ಲಿಕೊಂಡು ಅನರ್ಹನಾಗಿದ್ದ. ಉಳಿದ ವರ್ಷಗಳ ಸುದ್ದಿ ಬೇಡ ಬಿಡಿ.

ಈ ಮಾರ್ಚಿನಲ್ಲಿ ವರ್ನಾ ಮೊಟ್ಟೆ ಹುರಿಯುತ್ತಾ ಅಂತಿಮ ತೀರ್ಪು ಕೊಟ್ಟಳು.

"ಹನ್ನೆರಡು ವರ್ಷ ಓದಿದ್ರೆ ಡಾಕ್ಟರಾದ್ರೂ ಆಗ್ತಿದ್ದೆ, ಎಲ್ರಾಯ್."

"ಇದು ಅದಕ್ಕಿಂತ ಕಷ್ಟ ಕಣೆ. ರೋಗಿ ಬಾಯಿಬಿಟ್ಟು ಹೇಳ್ತಾನೆ, ಇಲ್ಲಿ ನೋಯ್ತಿದೆ ಅಂತ. ಕುದುರೆ ಹೇಳುತ್ತಾ?"

"ಸಾಕು ಮಾಡು. ಕೆಳಗಡೆ ರೇಸ್ ಪತ್ರಿಕೆ ರಾಶಿ ಬಿದ್ದು ವಾಷಿಂಗ್ ಮೆಷಿನ್ ಹತ್ರ ನಾನು ಅಡ್ಡಡ್ಡ ನಡ್ಕೊಂಡು ಹೋಗ್ಬೇಕು. ಈ ಸಲವೇ ಕೊನೆ. ನೀನು ಆಯ್ಕೆಯಾದ್ರೆ ಸಾಯೋವರೆಗೂ ಶನಿವಾರ ನಿಂದು, ಕಮಕ್ ಕಿಮಕ್ ಅನ್ನಲ್ಲ. ಆಗ್ಲಿಲ್ವೋ, ಶನಿವಾರ ಚರ್ಚಿಂದು. ಅಲ್ಲಿ ಕೂಗ್ತಿದ್ದ ಹರ್ಮನ್‌ಗೆ ಗಂಟಲು ಕಟ್ಟಿದೆ. ಬಿಂಗೊ ನಂಬರ್ ಕೂಗೋಕೆ ಜನ ಬೇಕು."

ಎಲ್ರಾಯ್ ಮೊಟ್ಟೆಯ ತಟ್ಟೆಯನ್ನು ದೂರ ತಳ್ಳಿದ. ಬಾಕಿ ಜೀವಮಾನದ ಶನಿವಾರಗಳೆಲ್ಲ ಅಜ್ಜಿಯರ ಎದುರು! ಅವತ್ತೇ ಅವನಿಗೊಂದು ದಿವ್ಯ ಉಪಾಯ ಹೊಳೆಯಿತು.

ಸ್ಪರ್ಧೆಯಲ್ಲಿ ಒಬ್ಬರಿಗೆ ಒಂದೇ ಚೀಟಿ. ಅದಕ್ಕೇ ರೇಸ್‌ಕೋರ್ಸಿನ ಹಾಲಿನಲ್ಲಿ ಜನ್ಮದಲ್ಲಿ ಕುದುರೆ ಬಾಲವನ್ನೂ ನೋಡದ ಹೆಂಗಸರ ಹೆಸರಿನಲ್ಲಿ ಏನಿಲ್ಲವೆಂದರೂ ಮೂವತ್ತು ಚೀಟಿ ಓಡಾಡುತ್ತಿರುತ್ತವೆ. ಎಲ್ರಾಯನ ಪ್ರಾಣಸ್ನೇಹಿತನೂ ಪರಮವೈರಿಯೂ ಆದ ಡೂಲಿಯಂತೂ ವಿಚ್ಛೇದನವಾಗಿ ಆರು ವರ್ಷವಾದರೂ ಹಳೇ ಹೆಂಡತಿಯ ಹೆಸರಲ್ಲೇ ಆಡುತ್ತಿದ್ದ. ("ಸಂಬಂಧ ಪೂರ್ತಿ ಕಡ್ಕೋಬಾರ್ದು ನೋಡು.") ಬೇಕಾದದ್ದು ಒಂದೇ ಒಂದು ಒಪ್ಪಿಗೆ ಪತ್ರ: 'ಕುದುರೆಯ ಆಯ್ಕೆ ನನ್ನದೇ, ಚೀಟಿ ಕೊಡುವ ಕೈ ಮಾತ್ರ ನನ್ನ ಪ್ರತಿನಿಧಿಯದು' ಅಂತ. ಕೆಳಗೆ ಹೆಂಡತಿಯ ಸಹಿ.

ಹೇಗೂ ತೆರಿಗೆ ಕಟ್ಟುವ ಕಾಲ. ಎಲ್ರಾಯ್ ತೆರಿಗೆ ಕಾಗದಗಳ ನಡುವೆ ಆ ಪತ್ರವನ್ನು ತೂರಿಸಿ, ಪರಮಸಾಧುವಿನ ಮುಖ ಮಾಡಿಕೊಂಡು ಮುಂದಿಟ್ಟ. "ಇಲ್ಲೊಂದು, ಇಲ್ಲೊಂದು, ಹಾಂ, ಇಲ್ಲೂ ಒಂದು." ವರ್ನಾ ಟಿವಿ ನೋಡುತ್ತಲೇ ಎಲ್ಲಕ್ಕೂ ಸಹಿ ಗೀಚಿದಳು. ಇಷ್ಟು ಸುಲಭವಾಗಿ ಆಗುವ ಕೆಲಸವನ್ನು ಹನ್ನೊಂದು ವರ್ಷ ಯಾಕೆ ಮಾಡಲಿಲ್ಲವೋ ಅಂತ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಸ್ಪರ್ಧೆಯ ದಿನ ಎಲ್ರಾಯನ ಮುಂದೆ ಎರಡು ಚೀಟಿ. ವಿವೇಕವೆಲ್ಲ ತನ್ನ ಹೆಸರಿನದಕ್ಕೆ. ಹುಚ್ಚು ಆಸೆಗಳು, ಮನಸ್ಸು ಬಂದರೂ ಧೈರ್ಯ ಸಾಲದ ಕುದುರೆಗಳು ಎಲ್ಲ ಹೆಂಡತಿಯದಕ್ಕೆ. ನಾಲ್ಕನೇ ರೇಸಿನಲ್ಲಿ ಹಾಗೆ ಬಿಸಾಕಿದ ಕುದುರೆಯೊಂದು ಗೆದ್ದೂಬಿಟ್ಟಿತು. ಎಲ್ರಾಯ್ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಒಂಬತ್ತು ರೇಸು ಮುಗಿದಾಗ ಓಹೈಯೋದಿಂದ ಬಂದ ಒಬ್ಬ ಹಲ್ಲಿನ ಡಾಕ್ಟರು ಮೊದಲು, ಡೂಲಿ ಎರಡನೆಯವನು, ಕೂದಲೆಳೆಯಷ್ಟು ಹಿಂದೆ ಎಲ್ರಾಯ್ ಮೂರನೆಯವನು.

ಕೊನೆಯ ರೇಸಿನಲ್ಲಿ ಡೇಟನ್ ಡಚೆಸ್ ಓಡುತ್ತಿದ್ದಳು. ಬೂದು ಬಣ್ಣದ ಹೆಣ್ಣುಕುದುರೆ, ದರ ಒಂದಕ್ಕೆ ಇಪ್ಪತ್ತು, ಅಂದರೆ ಯಾರೂ ನಂಬದವಳು. ನಾಲ್ಕು ತಿಂಗಳಿಂದ ಎಲ್ರಾಯ್ ಅವಳದೇ ಧ್ಯಾನದಲ್ಲಿದ್ದ. ಇವತ್ತು ಅವಳದೇ ದಿನ ಅಂತ ಎದೆ ಹೊಡೆದುಕೊಂಡು ಹೇಳುತ್ತಿತ್ತು. ಪೆನ್ಸಿಲು ಚೀಟಿಯವರೆಗೂ ಹೋಯಿತು. ಅಷ್ಟರಲ್ಲಿ ಕಣ್ಣೆದುರಿಗೆ ನಲವತ್ತು ಅಜ್ಜಿಯರು ಬಂದು ನಿಂತರು. ಎಲ್ಲರೂ ನಂಬಿದ ಫೇವರಿಟ್ ಕುದುರೆಯ ಹೆಸರನ್ನೇ ತನ್ನ ಚೀಟಿಯಲ್ಲಿ ಬರೆದ. ಡೂಲಿ ಬೇರೆ ಕುದುರೆ ಹಾಕಿದ್ದ, ಹಾಗಾಗಿ ಅದು ಎರಡನೆಯದಾಗಿ ಬಂದರೂ ಅವನನ್ನು ದಾಟಿದ ಹಾಗೆ. ಡಚೆಸ್ಸನ್ನು ಬಿಟ್ಟುಬಿಡಲು ಮನಸ್ಸಾಗದೆ ಹೆಂಡತಿಯ ಚೀಟಿಗೆ ಹಾಕಿದ. ಅವಳದ್ದೇನು ಗಂಟು ಹೋಗುತ್ತೆ!

ಡಚೆಸ್ ಹೊರಗಿನಿಂದ ಬಾಣದ ಹಾಗೆ ಬಂದು ಗೆದ್ದಳು. ಫೇವರಿಟ್ ಎರಡನೆಯದು.

"ದಾಟಿದೆ ಕಣೋ ಡೂಲಿ, ನಿನ್ನ ದಾಟಿದೆ! ಎರಡನೇ ಸೀಟು ನಂದು!" ಎಲ್ರಾಯ್ ಎಪ್ಪತ್ತರ ಮಂಡಿಯಲ್ಲಿ ಎರಡಡಿ ಹಾರಿದ.

"ಇಳಿ ಕೆಳಗೆ," ಅಂದ ಡೂಲಿ, ಬೋರ್ಡು ನೋಡುತ್ತಾ. "ನೀನು ಮೂರನೆಯವನೇ. ಮೊದಲನೇ ಜಾಗದಲ್ಲಿ ಯಾರೋ ವರ್ನಾ ಕೆಸಿಂಗ್ ಅಂತೆ. ನಿನಗೇನಾದ್ರೂ ನೆಂಟ್ರಾ?"

ಎಲ್ರಾಯ್ ಬೋರ್ಡು ನೋಡಿದ. ಮೊದಲು ವರ್ನಾ, ಎರಡನೆಯದು ಹಲ್ಲಿನ ಡಾಕ್ಟರು.

ಅಷ್ಟರಲ್ಲಿ ಸ್ಪರ್ಧೆಯ ಮುಖ್ಯಸ್ಥ ಹಾಲಿಸ್ ಮೈಕು ಹಿಡಿದ. "ಈ ಹಾಲಿನಲ್ಲಿ ಎಷ್ಟು ಜನ ಹೆಂಡ್ತಿ ಹೆಸರಲ್ಲಿ ಆಡ್ತೀರಿ ಅಂತ ನಂಗೊತ್ತಿಲ್ವಾ? ಈ ವರ್ಷದಿಂದ ಹೊಸ ನಿಯಮ. ಗೆದ್ದವರು ಇಲ್ಲಿಲ್ಲ ಅಂದ್ರೆ ನಿಮ್ಮೆಲ್ಲರ ಎದುರೇ ಫೋನ್ ಮಾಡ್ತೀನಿ. ಯಾವ ಕುದುರೆ, ಯಾಕೆ ಆರಿಸಿದ್ರಿ, ಹೇಳ್ಬೇಕು. ಹೇಳೋಕೆ ಬರ್ಲಿಲ್ವೋ, ಚೀಟಿ ರದ್ದು. ಹಿಂದಿನವರು ಒಂದೊಂದು ಸ್ಥಾನ ಮೇಲೆ."

ಮನೆಗೆ ಫೋನು! ಮಾನ ಹೋಯಿತು! ಆದರೆ ಮರುಕ್ಷಣವೇ ಎಲ್ರಾಯನ ಒಳಗೊಂದು ದೀಪ ಹತ್ತಿತು. ವರ್ನಾಳ ಚೀಟಿ ರದ್ದಾದರೆ ಎರಡನೆಯವನು ಯಾರು? ತಾನೇ! ವರ್ನಾಳಿಗೆ ಕುದುರೆಯ ಗಂಧಗಾಳಿ ಇಲ್ಲ. ತನ್ನ ವಯಸ್ಸಿನ ವಿಷಯದಲ್ಲೂ ಸುಳ್ಳು ಹೇಳದ ಹೆಂಗಸು. ಎಲ್ರಾಯ್ ಕಣ್ಣು ಮುಚ್ಚಿ, ಹಲವು ವರ್ಷಗಳ ನಂತರ ಮೊದಲ ಸಲ ಭಕ್ತಿಯಿಂದ ಬೇಡಿಕೊಂಡ: ದೇವರೇ, ನನ್ನ ಹೆಂಡತಿ ಇವತ್ತೂ ಸತ್ಯವನ್ನೇ ಹೇಳಲಿ.

ಸ್ಪೀಕರಿನಲ್ಲಿ ವಾಷಿಂಗ್ ಮೆಷಿನ್ ಗುಡುಗಿತು. ಆಮೇಲೆ ವರ್ನಾಳ ದನಿ. "ಯಾರು?"

ಹಾಲಿಸ್ ವಿಷಯ ಹೇಳಿ ಕೇಳಿದ, "ಕೊನೇ ರೇಸಲ್ಲಿ ನಿಮ್ಮ ಕುದುರೆ ಯಾವುದು ಮೇಡಂ?"

ಎಲ್ರಾಯ್ ಸ್ಪೀಕರಿನ ಹತ್ತಿರಕ್ಕೆ ಸರಿದ.

"ಇವತ್ತು ಡಚೆಸ್ ಓಡ್ತಲ್ವಾ? ಅದೇ ಮತ್ತೆ."

"ಯಾಕೆ ಅದನ್ನೇ?"

"ಇನ್ಯಾವುದನ್ನ ಆರಿಸ್ತಾರಪ್ಪ? ಹಿಂದೆ ಮೂರು ಸಲವೂ ಒಳಗಡೆ ಬೇಲಿ ಪಕ್ಕ ಸಿಕ್ಕಿಹಾಕ್ಕೊಂಡ್ಲು, ಪಾಪ. ಇವತ್ತು ಹೊರಗಿನ ಗೇಟು. ದೂರನೂ ಜಾಸ್ತಿ, ಅವಳಮ್ಮ ದೂರದ ಓಟಕ್ಕೇ ಹೆಸರಾದವಳು. ಹಳೇ ಜಾಕಿಗೆ ಚಾವಟಿ ಚಟ, ಅವಳಿಗೆ ಏಟು ಆಗಿಬರಲ್ಲ. ಇವತ್ತು ಹೊಸಬ. ಇಷ್ಟೂ ಗೊತ್ತಾಗದವನು ರೇಸಿಗೆ ಯಾಕೆ ಬರ್ಬೇಕು, ಮನೇಲಿ ಬಟ್ಟೆ ಒಗೀಲಿ."

ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಲ್ಲಿನ ಡಾಕ್ಟರು ಪುಸ್ತಕ ತೆಗೆದು ಬರೆದುಕೊಂಡ. ಅದರಲ್ಲಿ ಒಂದೊಂದು ಮಾತೂ ಎಲ್ರಾಯನದು, ನಾಲ್ಕು ತಿಂಗಳು, ಇವತ್ತು ಬೆಳಿಗ್ಗೆಯವರೆಗೂ, ತಿಂಡಿ ಮೇಜಿನ ಮುಂದೆ ತಾನೇ ಉರುಹೊಡೆದದ್ದು.

ಮನೆಗೆ ಬಂದವನೇ ಗೋಳಾಡಿದ. "ಅದು ಹೇಗೆ ಹೇಳ್ದೆ ನೀನು? ನಿನ್ನ ಹೆಸರಲ್ಲಿ ಚೀಟಿ ಇದೆ ಅಂತ ನಿಂಗೆ ಹೇಗೆ ಗೊತ್ತು?"

"ಓದದೇ ಸಹಿ ಹಾಕ್ತೀನಾ? ತೆರಿಗೆ ಕಾಗದದ ಮೇಲೆ ಕುದುರೆ ಚಿತ್ರ ಯಾಕಿದೆ ಅಂತ ನೋಡ್ದೆ."

"ಮತ್ತೆ ಆಯ್ಕೆ ನಂದೇ ಅಂತ ಸುಳ್ಳು ಹೇಳಿದ್ಯಲ್ಲ!"

"ಎಲ್ಲಿ ಸುಳ್ಳು? ನನ್ನ ಕೇಳಿದ್ರೆ ನಾನು ಡಚೆಸ್ಸನ್ನೇ ಹೇಳ್ತಿದ್ದೆ. ನಾಲ್ಕು ತಿಂಗಳು ಗಂಡ ಅದೇ ಜಪ ಮಾಡಿದ್ರೆ ಯಾರಿಗೆ ನಂಬಿಕೆ ಬರಲ್ಲ? ಅದಿರಲಿ, ನೀನು ಯಾವುದನ್ನ ಹಾಕ್ಕೊಂಡೆ?"

ಎಲ್ರಾಯ್ ಬೂಟಿನ ಲಾಡಿ ಬಿಚ್ಚುತ್ತಾ ಗೊಣಗಿದ. "ಫೇವರಿಟ್."

ವರ್ನಾಳಿಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಹಿಡಿದುಕೊಂಡು ನಕ್ಕಳು. "ಅಯ್ಯೋ ನಿನ್ನ! ಹನ್ನೆರಡು ವರ್ಷ ನನ್ನ ತಲೆ ತೂತು ಮಾಡಿ, ಕೊನೆಗೆ ನಿನ್ನ ಮಾತನ್ನ ನೀನೇ ನಂಬ್ಲಿಲ್ವಲ್ಲೋ!"

ಅವನಿಗೆ ನಿಜವಾಗಿ ನೋವಾಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸೀಟನ್ನು ತನಗೆ ಬಿಟ್ಟುಕೊಡು ಅಂತ ಕೇಳಿದ. ಸೀಟು ಗೆದ್ದವರದ್ದೇ, ಬದಲಾಯಿಸುವ ಹಾಗಿಲ್ಲ ಅಂತ ಅದೇ ಪತ್ರದ ಹಿಂದೆ ಬರೆದಿದೆ, ನೀನು ಓದಿಲ್ಲವಾ ಅಂದಳು. ಹೋಗಲಿ, ಜೊತೆಗಾದರೂ ಬರಲಾ ಅಂದ.

"ಶನಿವಾರ ಚರ್ಚಿಂದು," ಅಂದಳು ವರ್ನಾ. "ನಾನು ನನ್ನ ತಂಗಿ ಕರ್ಕೊಂಡು ಹೋಗ್ತೀನಿ."

ಫೈನಲ್ಲಿನ ಶನಿವಾರ ವರ್ನಾ ವೇಗಸ್ಸಿನಲ್ಲಿದ್ದಳು. ಎಲ್ರಾಯ್ ಚರ್ಚಿನ ಹಾಲಿನಲ್ಲಿ ಮೈಕಿನ ಮುಂದೆ. ನಂಬರಿನ ಬುಟ್ಟಿಯಡಿ ರೇಸ್ ಪತ್ರಿಕೆ ಬಚ್ಚಿಟ್ಟುಕೊಂಡಿದ್ದ. ಮೊದಲ ಸಾಲಿನಲ್ಲಿ ಪಾದ್ರಿ. ಆಟ ಬಿಸಿಯೇರಿದ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು.

"ಕೊನೇ ರೇಸು ಎಲ್ರಾಯ್, ಬೇಗ ಹೇಳು. ನಿನ್ನ ಹೆಸರಲ್ಲಾದ್ರೆ ಯಾವ ನಂಬರ್ ಬರೀತಿದ್ದೆ?"

"ಮೂರು," ಅಂತ ಪಿಸುಗುಟ್ಟಿದ.

"ಸರಿ, ಅದು ಬೇಡ. ನನ್ನ ಹೆಸರಲ್ಲಾದ್ರೆ?"

ಎಲ್ರಾಯ್ ಪತ್ರಿಕೆ ನೋಡಿದ. ಈ ಸಲ ಹೆದರುವುದಿಲ್ಲ ಅಂದುಕೊಂಡು, ಎದುರಿಗೆ ಮೈಕಿರುವುದನ್ನೂ ಮರೆತು, ಗಂಟಲು ಬಿಚ್ಚಿ ಕೂಗಿದ: "ಏಳು!"

ನಲವತ್ತು ಅಜ್ಜಿಯರು ಏಳರ ಮೇಲೆ ಚುಕ್ಕೆ ಹಾಕಿದರು. "ಬಿಂಗೊ!" ಅಂತ ಮೂರನೇ ಸಾಲಿನಿಂದ ಗ್ರೂಬರ್ ಅಜ್ಜಿ ಚೀರಿದಳು. ಬುಟ್ಟಿಯಿಂದ ಏಳು ಬಂದೇ ಇರಲಿಲ್ಲ ಅಂತ ಎಲ್ರಾಯ್ ಹೇಗೆ ಹೇಳಿಯಾನು? ಮತ್ತೆ ಏಳು ಎಲ್ಲಿಂದ ಬಂತು ಅಂತ ಪಾದ್ರಿಗಳು ಕೇಳಿದರೆ? ಗ್ರೂಬರ್ ಅಜ್ಜಿ ಹಂದಿ ತೊಡೆಯನ್ನು ಕೂಸಿನ ಹಾಗೆ ಎತ್ತಿಕೊಂಡಳು. ಹದಿನೇಳು ವರ್ಷದಲ್ಲಿ ಅವಳಿಗೆ ಇದೇ ಮೊದಲ ಗೆಲುವಂತೆ, ಕಣ್ಣಲ್ಲಿ ನೀರು. ಅಷ್ಟರಲ್ಲಿ ರೇಸೂ ಮುಗಿದು, ಫೋನಿನಲ್ಲಿ ಅತ್ತ ವರ್ನಾಳೂ ತಂಗಿಯೂ ಒಟ್ಟಿಗೆ ಕಿರುಚುತ್ತಿದ್ದರು, "ಏಳು ಬಂತು! ಏಳು ಬಂತು ಕಣೋ!"

ಪಾದ್ರಿ ಎದ್ದುಬಂದು ಎಲ್ರಾಯನ ಬೆನ್ನು ತಟ್ಟಿದರು. "ನಿನ್ನ ಕೈಗುಣ ಬಹಳ ಚೆನ್ನಾಗಿದೆ, ಎಲ್ರಾಯ್. ಇನ್ನು ಬುಧವಾರದ ಬಿಂಗೊಗೂ ನೀನೇ ಬಾ."