ಬಾಲಕ್ಕೆ ಇಸ್ತ್ರಿ

ಚಳಿಗಾಲ ಶುರುವಾದರೆ ಇಸ್ತ್ರಿ ಅಂಗಡಿಯಲ್ಲಿ ಕೈಗೆ ಬಿಡುವಿರುವುದಿಲ್ಲ. ಹತ್ತು ಗಂಟೆಯಾದರೂ ಮಂಜು ಬೀದಿ ಬಿಟ್ಟು ಕದಲುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಜನ ಅರೆಹಸಿ ಬಟ್ಟೆಯನ್ನೇ ತಂದು ಮೇಜಿನ ಮೇಲೆ ಸುರಿದು ಹೋಗುತ್ತಾರೆ. ಆ ದಿನವೂ ಬೆಳಕು ಹರಿಯುವ ಹೊತ್ತಿಗೆ ಗೆರೆಯಣ್ಣ ಪೆಟ್ಟಿಗೆಗೆ ಇದ್ದಿಲು ತುಂಬಿ, ಊದಿ, ಕೆಂಡ ಮಾಡಿ, ಬೇಕರಿಯ ಇಪ್ಪತ್ತನೆಯ ಏಪ್ರನ್ನಿನ ಮೇಲೆ ಒತ್ತುತ್ತಿದ್ದ. ಪ್ಯಾಂಟಿಗೆ ಅವನು ಹಾಕಿದ ಗೆರೆ ಬಟ್ಟೆ ಹರಿದರೂ ಹೋಗದು ಎಂದು ಬೀದಿಯವರು ಇಟ್ಟ ಹೆಸರು ಅದು. ಸೊಟ್ಟಗಿರುವುದನ್ನು ಕಂಡರೆ ಅವನಿಗೆ ತಡೆಯದು. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಊಟದ ನಡುವೆ ಎದ್ದು ನೇರ ಮಾಡಿ ಬರುವ ಆಸಾಮಿ.

ಬೇಕರಿಯ ಏಪ್ರನ್ನುಗಳಿಗೆ ಕೂಲಿ ಇರಲಿಲ್ಲ. ಐದು ತಿಂಗಳ ಹಿಂದೆ ಬೇಕರಿ ಅಕ್ಕ ಅಂಗೈಯಗಲದ ಬಾತುಮರಿಯೊಂದನ್ನು ತಂದುಕೊಟ್ಟು ಕರಾರು ಹಾಕಿದ್ದಳು. "ದುಡ್ಡು ಬೇಡ. ಬಾತಿನ ಮೊಟ್ಟೆ ಹಾಕಿದ್ರೆ ಕೇಕು ಚೆನ್ನಾಗಿ ಉಬ್ಬುತ್ತೆ. ಮೊದಲ ಹನ್ನೆರಡು ಮೊಟ್ಟೆ ನನಗೆ. ಅದು ಕೈಸೇರೋ ತನಕ ನಮ್ಮ ಬಟ್ಟೆಗೆಲ್ಲ ಪುಕ್ಕಟೆ ಇಸ್ತ್ರಿ. ಅಕಸ್ಮಾತ್ ಗಂಡಾಗಿ ಬೆಳೀತು ಅಂದ್ರೆ ವಾಪಸ್ ತಾ, ಅಲ್ಲಿಗೆ ಋಣ ಮುಗೀತು."

ಅಂದಿನಿಂದ ಇಂದಿನವರೆಗೆ ಮೂರು ಸಾವಿರ ಏಪ್ರನ್ನು ಉಜ್ಜಿದ್ದಾಯಿತು. ಮೊಟ್ಟೆ ಮಾತ್ರ ಒಂದೂ ಇಲ್ಲ. ಸಾಲದ್ದಕ್ಕೆ ಮಹಾರಾಣಿಯ ಗಂಟಲೂ ಕೂತುಹೋಗಿತ್ತು. ಮಹಾರಾಣಿ ಎಂಬುದು ಬಾತಿಗೆ ಹೆಂಡತಿ ಇಟ್ಟ ಹೆಸರು. ಮರಿಯಿದ್ದಾಗ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದದ್ದು ಈಗ ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಕರಕರ ಎನ್ನುತ್ತಿತ್ತು.

"ಕಾಯಿಲೆ ಬಿದ್ದ ಬಾತು ಮೊಟ್ಟೆ ಎಲ್ಲಿಂದ ಇಡುತ್ತೆ?" ಎಂದ ಗೆರೆಯಣ್ಣ. "ಇವತ್ತು ಇದನ್ನ ಗುಣ ಮಾಡದೆ ನಾನು ಊಟಕ್ಕೆ ಕೂರಲ್ಲ."

"ರೀ, ದನದ ಡಾಕ್ಟರು ಸಂಜೆ ಕೋಟು ತಗೊಳ್ಳೋಕೆ ಬರ್ತಾರಲ್ಲ, ಅವರನ್ನೇ ಕೇಳಿ," ಎಂದಳು ಹೆಂಡತಿ.

"ಸಂಜೆ ತನಕ ಇನ್ನೆಷ್ಟು ಏಪ್ರನ್ನು ಉಜ್ಜಲಿ?"

ಮಾತು ಎದುರುಮನೆಯ ಕಟ್ಟೆಗೆ ಕೇಳಿಸಿತು. ಅಲ್ಲಿ ಕೂತಿದ್ದ ಕಾಂಪೌಂಡರು ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ರೋಗಿ ಸಿಕ್ಕ ಸಂತೋಷಕ್ಕೆ ಚಪ್ಪಲಿ ಮರೆತು ಬಂದರು. ಬಾತಿನ ಕೊಕ್ಕು ಬಿಡಿಸಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು.

"ಗಂಟಲು ಕಟ್ಟಿದೆ. ಹಬೆ ಕೊಡು. ನನ್ನ ಫೀಸು ಎರಡು ಮೊಟ್ಟೆ, ಬಂದಾಗ ಕೊಡುವೆಯಂತೆ."

ಹಬೆಗೇನು ಬರ? ಗೆರೆಯಣ್ಣ ಬಾತನ್ನು ಕಂಕುಳಲ್ಲಿ ಒತ್ತಿ ಹಿಡಿದು, ಯಾರದೋ ಹಾಸುಬಟ್ಟೆಯನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು, ಕಾದ ಪೆಟ್ಟಿಗೆಗೆ ನೀರು ಚಿಮುಕಿಸಿದ. ಚುಂಯ್ ಎಂದಿತು. ಮಹಾರಾಣಿ ಅವನ ಮೂಗನ್ನು ಕಚ್ಚಿ, ಹಾಸುಬಟ್ಟೆ ಸಮೇತ ಹಾರಿ, ಇದ್ದಿಲ ಬುಟ್ಟಿಗೆ ಬಿದ್ದು, ಅಲ್ಲಿಂದೆದ್ದು ಮಡಿಸಿಟ್ಟ ಬಟ್ಟೆಗಳ ಮೇಲೆ ಮೆರವಣಿಗೆ ಹೊರಟಿತು. ಡಾಕ್ಟರ ಬಿಳಿ ಕೋಟಿನ ಬೆನ್ನಿನ ಮೇಲೆ ಮೂರು ಬೆರಳಿನ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಮೂಡಿದವು.

ಗಲಾಟೆ ಕೇಳಿ ಪಕ್ಕದಂಗಡಿಯ ಟೈಲರು ಕತ್ತರಿ ಹಿಡಿದೇ ಬಂದ. ಕೋಟಿನಡಿ ನುಗ್ಗುತ್ತಿದ್ದ ಬಾತಿನ ಹಿಂಭಾಗವಷ್ಟೇ ಅವನಿಗೆ ಕಂಡದ್ದು.

"ಗೆರೆಯಣ್ಣಾ, ಬಾಲ ನೋಡಿದೆಯೇನೋ? ಎರಡು ಪುಕ್ಕ ಮೇಲಕ್ಕೆ ಸುರುಳಿ ಸುತ್ತಿಕೊಂಡಿದೆ."

ಹೌದು, ಮೀಸೆ ತಿರುವಿದ ಹಾಗೆ ಎರಡು ಪುಕ್ಕ. ಕಾಂಪೌಂಡರು ತಲೆಯಾಡಿಸಿದರು. "ರೋಗ ಗಂಟಲಿಂದ ಬಾಲಕ್ಕೆ ಇಳಿದಿದೆ. ನರದ ಸೆಳೆತ."

ಸುರುಳಿ ಎಂಬುದು ಗೆರೆಯಣ್ಣನ ಸೀಮೆಗೆ ಸೇರಿದ ವಿಷಯ. ಇನ್ನು ಯಾರ ಮಾತೂ ಬೇಕಿರಲಿಲ್ಲ. ಬಾತನ್ನು ಹೆಂಡತಿ ಹಿಡಿದುಕೊಂಡಳು. ಅವನು ಪುಕ್ಕಗಳನ್ನು ಮೇಜಿನ ಅಂಚಿಗೆ ಹರಡಿ, ಮೇಲೆ ಒದ್ದೆ ಬಟ್ಟೆ ಹಾಸಿ, ರೇಷ್ಮೆಗೆ ಒತ್ತುವಷ್ಟೇ ಹಗುರವಾಗಿ ಪೆಟ್ಟಿಗೆ ಎಳೆದ. ಪುಕ್ಕ ಅಳತೆಗೋಲಿನಷ್ಟು ನೇರವಾದವು. ನಾಲ್ವರೂ ಉಸಿರು ಬಿಡುವಷ್ಟರಲ್ಲಿ ಮತ್ತೆ ಸುತ್ತಿಕೊಂಡವು.

ಅವನು ಮತ್ತೆ ಒತ್ತಿದ. ಅವು ಮತ್ತೆ ಸುತ್ತಿಕೊಂಡವು. ಮಧ್ಯಾಹ್ನದವರೆಗೆ ಹನ್ನೊಂದು ಸಲ ಒತ್ತಿ, ಗಂಜಿ ಹಾಕಿಯೂ ನೋಡಿದ. ಇಷ್ಟು ವರ್ಷದಲ್ಲಿ ಅವನ ಪೆಟ್ಟಿಗೆಗೆ ಎದುರಾಡಿದ ವಸ್ತು ಇನ್ನೊಂದಿರಲಿಲ್ಲ.

"ಕಿತ್ತುಬಿಡಿ," ಎಂದಳು ಹೆಂಡತಿ. ಬಾತನ್ನು ಹಿಡಿದು ಹಿಡಿದು ಅವಳ ತೋಳು ನೋಯುತ್ತಿತ್ತು.

"ಕೀಳೋದು ಪಾಪ," ಎಂದ ಟೈಲರು. "ನಾನು ನೋವಾಗದ ಹಾಗೆ ಬುಡಕ್ಕೆ ಕತ್ತರಿಸಿಕೊಡ್ತೀನಿ. ನನಗೆ ಒಂದೇ ಮೊಟ್ಟೆ ಸಾಕು."

ಚಕ್ ಎಂದಿತು. ಗೆರೆಯಣ್ಣ ಎರಡು ಪುಕ್ಕಗಳನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು, ಕೋಟು ಒಗೆಯಲು ಕೂತ. ಮಸಿ ಹೋಗಲಿಲ್ಲ.

ಸಂಜೆ ಬೈಕು ನಿಲ್ಲಿಸಿದ ಡಾಕ್ಟರು ಕೋಟಿನ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. "ಇದು ಬಾತಿನ ಹೆಜ್ಜೆ."

ಗೆರೆಯಣ್ಣ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಡಾಕ್ಟರು ಮೂರೇ ಪ್ರಶ್ನೆ ಕೇಳಿದರು. "ಮೇವು ತಿನ್ನುತ್ತಾ?"

"ನಮಗಿಂತ ಜಾಸ್ತಿ, ಸಾರ್."

"ನೀರಲ್ಲಿ ಈಜುತ್ತಾ? ಕಣ್ಣು ಹೊಳೀತಾ ಇದೆಯಾ?"

"ಈಜುತ್ತೆ. ಕಣ್ಣೂ ಹೊಳೀತಾ ಇದೆ, ಸಾರ್."

"ಕಾಯಿಲೆ ಬಿದ್ದ ಬಾತು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯುತ್ತಪ್ಪ, ನನ್ನ ಕೋಟಿನ ಮೇಲೆ ಓಡಾಡಲ್ಲ. ಇದು ಗಂಡು. ಗಲಾಟೆ ಮಾಡಿ ಕೂಗೋದು ಹೆಣ್ಣು. ಗಂಡಿನ ದನಿ ಬೆಳೀತಾ ಹೀಗೇ ಒಡೆಯುತ್ತೆ. ಬಾಲದಲ್ಲಿ ಎರಡು ಪುಕ್ಕ ಸುರುಳಿಯಾಗಿರುತ್ತೆ, ಅದೇ ಗುರುತು. ಎಲ್ಲಿ, ಕಾಣಿಸ್ತಿಲ್ಲ?"

ಗೆರೆಯಣ್ಣ ಜೇಬು ಮುಟ್ಟಿಕೊಂಡ. ಆದರೂ ಅವನ ಮುಖ ಅರಳಿತು. ಗಂಡಾದರೆ ವಾಪಸ್, ಋಣ ಮುಗೀತು. "ಸಾರ್, ಒಂದು ಹೆಜ್ಜೆ ಬೇಕರಿ ತನಕ ಬಂದು ಇದನ್ನೇ ಹೇಳಿಬಿಡಿ."

"ನನಗೆ ದಿನಾ ತಿಂಡಿ ಆ ಬೇಕರಿಯಲ್ಲೇ. ನನ್ನನ್ನ ಸಾಕ್ಷಿಗೆ ಎಳೀಬೇಡ. ಕೋಟು ಇನ್ನೊಂದು ಸಲ ಒಗಿ," ಎಂದು ಬೈಕು ಹತ್ತಿದರು.

ಅವನು ಒಬ್ಬನೇ ಬಾತನ್ನು ಎತ್ತಿಕೊಂಡು ಬೇಕರಿಗೆ ನಡೆದ. ಅಕ್ಕ ಬಾತನ್ನು ತಿರುಗಿಸಿ ಬಾಲ ನೋಡಿದಳು. ಅವಳಿಗೆ ಬಾತುಗಳ ವಿಷಯ ಚೆನ್ನಾಗಿ ಗೊತ್ತಿತ್ತು.

"ಗಂಡು ಅಂತೀಯ. ಸುರುಳಿ ಎಲ್ಲಿ?"

ಅವನು ಜೇಬಿನಿಂದ ಪುಕ್ಕ ತೆಗೆದು ಕೌಂಟರಿನ ಮೇಲಿಟ್ಟ. ಗಂಜಿ ಹಿಡಿದ ಆ ಎರಡೂ ಕಡ್ಡಿಯಂತೆ ನೆಟ್ಟಗೆ ಮಲಗಿದವು. ಹನ್ನೊಂದು ಸಲ ಒತ್ತಿದರೂ ಸೋಲದವು ಜೇಬಿನೊಳಗೆ ಒಣಗಿ ಸೋತಿದ್ದವು.

"ಇದು ಕೊಳದ ದಂಡೇಲಿ ಯಾವ ಬಾತಿಂದಾದರೂ ಸಿಗುತ್ತಪ್ಪ."

"ದನಿ ಕೇಳಕ್ಕ, ದನಿ." ಮಹಾರಾಣಿ ಕರಕರ ಎಂದಿತು.

"ಪಾಪ, ಗಂಟಲು ಕಟ್ಟಿದೆಯಂತೆ. ಕಾಂಪೌಂಡರು ಮಧ್ಯಾಹ್ನವೇ ಹೇಳಿ ಹೋದರು. ನರಕ್ಕೂ ಇಳಿದಿದೆಯಂತಲ್ಲ. ಕಾಯಿಲೆ ಬಾತನ್ನ ನಾನು ವಾಪಸ್ ತಗೊಳ್ಳಲ್ಲಪ್ಪ. ಪುಕ್ಕ ಬರಲಿ, ಆಗ ತಾ."

ಬುಡಕ್ಕೆ ಕತ್ತರಿಸಿದ ಪುಕ್ಕ ಹಾಗೆಲ್ಲ ಬೆಳೆಯುವುದಿಲ್ಲ, ಹಳೆಯದು ಉದುರಿ ಹೊಸದು ಬರುವಾಗ ಮುಂದಿನ ಚಳಿಗಾಲವಾಗುತ್ತದೆ ಎಂದೂ ಅಕ್ಕನೇ ತಿಳಿಸಿದಳು. ಆಮೇಲೆ ನಾಳೆಯ ಏಪ್ರನ್ನಿನ ಗಂಟನ್ನು ಅವನ ಹೆಗಲಿಗೇರಿಸಿ, ರೋಗಿಗೆಂದು ಅರ್ಧ ಬನ್ನು ಕೊಟ್ಟಳು.

ಅಂಗಡಿಯ ಬೆಂಚಿನ ಮೇಲೆ ಕಾಂಪೌಂಡರೂ ಟೈಲರೂ ಕಾಯುತ್ತಿದ್ದರು. "ಹೇಗಿದೆ ಈಗ? ನಮ್ಮ ಮೂರು ಮೊಟ್ಟೆ ಮರೀಬೇಡ," ಎಂದ ಟೈಲರು.

"ಇದು ಗಂಡಂತೆ."

"ಅದು ನಿನ್ನ ಬಾತಿನ ವಿಷಯ," ಎಂದರು ಕಾಂಪೌಂಡರು. "ಫೀಸು ಫೀಸೇ."

ಮೊಟ್ಟೆಯ ಸಾಲ ಹನ್ನೆರಡಿದ್ದದ್ದು ಹದಿನೈದಾಯಿತು. ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು. ಗುಣಮಾಡಲು ರೋಗವೇ ಇರಲಿಲ್ಲವಾದ್ದರಿಂದ ಊಟಕ್ಕೆ ಕೂರಬಹುದೋ ಇಲ್ಲವೋ ಅವನಿಗೆ ಬಗೆಹರಿಯಲಿಲ್ಲ. ಪೆಟ್ಟಿಗೆಗೆ ಇದ್ದಿಲು ತುಂಬಿ ಮೊದಲ ಏಪ್ರನ್ನು ಹಾಸಿದ. ಬಾತು ಮೇಜಿನಡಿಯ ಬಿಸಿಗೆ ಬಂದು ಕೂತು ಬನ್ನು ಕುಕ್ಕತೊಡಗಿತು. ಏಪ್ರನ್ನಿನ ಒಂದು ಮೂಲೆ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು.

ಗೆರೆಯಣ್ಣ ಅದನ್ನು ನೋಡಿದ. ಪೆಟ್ಟಿಗೆಯನ್ನು ಅದರ ಪಕ್ಕದಿಂದಲೇ ಎಳೆದ. ಮೂಲೆಯನ್ನು ಮಾತ್ರ ಮುಟ್ಟಲಿಲ್ಲ.