ಲಕ್ಷ್ಮಿಕಾಂತನ ಹವಾಮಾನ ಪರೀಕ್ಷೆ

ಆ ಭಾನುವಾರ ಬೆಳಗ್ಗೆ ಲಕ್ಷ್ಮಿಕಾಂತ ಆಡಿದ್ದು ಮೂರೇ ಪದ: "ಮಳೆ ಬರಲ್ಲ ಬಿಡಿ." ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, ಗೇಟಿನ ಹತ್ತಿರ ನಿಂತು, ಆಕಾಶವನ್ನು ಅರ್ಧಂಬರ್ಧ ನೋಡಿ ಹೇಳಿದ ಮಾತು. ಸುಮ್ಮನೆ ಪೇಸ್ಟ್ ಉಗಿದು ಒಳಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನು ಇವತ್ತಿಗೂ ಕೊರಗುತ್ತಾನೆ.

ಕೇಳಿದವರು ಪಕ್ಕದ ಮನೆಯ ಮುನೀರ್. ಶಿವಾಜಿನಗರದಲ್ಲಿ ಸೂಟ್‌ಕೇಸು, ಬ್ಯಾಗುಗಳ ಅಂಗಡಿ ಇಟ್ಟವರು. ಅಂದು ಮಧ್ಯಾಹ್ನ ಮೂರಕ್ಕೆ ಅವರ ಮಗಳು ಇಕ್ರಾಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಲಿಂಗರಾಜಪುರದಿಂದ ಬರುವವರಿದ್ದರು. ಮೇ ತಿಂಗಳು. ಅರವತ್ತು ಜನರನ್ನು ಮನೆಯೊಳಗೆ ಕೂರಿಸಿದರೆ ಬೆಂದುಹೋಗುತ್ತಾರೆ, ಮಹಡಿಯ ಮೇಲೆ ಕೂರಿಸಿದರೆ ಮಳೆಯ ಭಯ.

"ನೀವು ಮೋಡದ್ದೇ ಓದ್ತಾ ಇದೀರಲ್ಲ ಸಾರ್. ನೀವು ಹೂಂ ಅಂದ್ರೆ ಮೇಲೇ ಚೇರ್ ಹಾಕಿಸ್ಬಿಡ್ತೀನಿ," ಎಂದಿದ್ದರು ಮುನೀರ್.

ಓದುತ್ತಿದ್ದುದೇನೋ ನಿಜ. ಲಕ್ಷ್ಮಿಕಾಂತ ವಿಮಾ ಕಚೇರಿಯಲ್ಲಿ ಗುಮಾಸ್ತ, ವಯಸ್ಸು ಐವತ್ತೆರಡು. ಹುಡುಗನಾಗಿದ್ದಾಗ ಭೌತಶಾಸ್ತ್ರ ಓದಬೇಕೆಂದು ಆಸೆಪಟ್ಟು, ಮನೆಯವರ ಮಾತಿಗೆ ಕಾಮರ್ಸ್ ಓದಿದವನು. ಎರಡು ವರ್ಷದ ಹಿಂದೆ ಯಾರಿಗೂ ಹೇಳದೆ ಅಂಚೆ ಶಿಕ್ಷಣದಲ್ಲಿ ಹವಾಮಾನಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿಕೊಂಡಿದ್ದ. ಆದರೆ ಪುಸ್ತಕದ ಮೊದಲ ಪಾರ್ಸೆಲ್ಲನ್ನು ಅವನಿಲ್ಲದಾಗ ತೆಗೆದುಕೊಂಡವರು ಮನೆ ಮಾಲೀಕರಾದ ಶೇಷಮ್ಮ. ಸಂಜೆಯೊಳಗೆ ರಾಮಮೂರ್ತಿ ನಗರದ ಆ ಬೀದಿಯೇ ಅವನಿಗೆ ಪದವಿ ಕೊಟ್ಟುಬಿಟ್ಟಿತ್ತು. ಅಂದಿನಿಂದ ಶೇಷಮ್ಮ ಅವನನ್ನು ಕೇಳದೆ ಸಂಡಿಗೆಗೆ ಅಕ್ಕಿ ನೆನೆಹಾಕುತ್ತಿರಲಿಲ್ಲ.

ವಿಶ್ವವಿದ್ಯಾಲಯ ಮಾತ್ರ ಬೀದಿಯಷ್ಟು ಉದಾರಿಯಾಗಿರಲಿಲ್ಲ. ಕೊನೆಯ ಪತ್ರಿಕೆಯಲ್ಲಿ ಅವನು ಎರಡು ಸಲ ಫೇಲಾಗಿದ್ದ. ಮೂರನೆಯ ಸಲದ್ದು, ಅಂದರೆ ಕಡೆಯದು, ಅದೇ ಭಾನುವಾರ ಎರಡು ಗಂಟೆಗೆ ಹಲಸೂರಿನ ಒಂದು ಕಾಲೇಜಿನಲ್ಲಿತ್ತು. ತಪ್ಪಿದರೆ ಮೊದಲ ಪಾಠದಿಂದ ಮತ್ತೆ ಶುರು. ಹಾಗಾಗಿ ಮುನೀರ್ ಕೇಳಿದಾಗ ಅವನು ಶಾಸ್ತ್ರ ನೋಡಲಿಲ್ಲ, ಗಡಿಯಾರ ನೋಡಿದ.

ಊಟ ಮುಗಿಸಿ ಹೊರಡುವಾಗ ಮುನೀರರ ಮಹಡಿಯ ಮೇಲೆ ಕೆಂಪು ಕುರ್ಚಿಗಳು ಸಾಲಾಗಿ ನಿಂತಿದ್ದವು. ಜೋಡಿಗೆಂದು ಬಾಡಿಗೆಗೆ ತಂದ ಚಿನ್ನದ ಬಣ್ಣದ ಸೋಫಾ ಬಿಸಿಲಿಗೆ ಹೊಳೆಯುತ್ತಿತ್ತು. ಮೇಲೆ ಒಂದು ಶಾಮಿಯಾನವೂ ಇರಲಿಲ್ಲ.

"ನೀವು ಹೇಳಿದ್ಮೇಲೆ ಶಾಮಿಯಾನ ಯಾಕೆ ಅಂತ ವಾಪಸ್ ಕಳಿಸ್ಬಿಟ್ಟೆ ಸಾರ್," ಎಂದು ಮೇಲಿನಿಂದ ಮುನೀರ್ ಕೂಗಿ ಹೇಳಿದರು. ಪಕ್ಕದಲ್ಲಿ ಹೂವಿನ ಮಾಲೆ ಕಟ್ಟಲು ಸಹಾಯ ಮಾಡುತ್ತಿದ್ದ ಲಕ್ಷ್ಮಿಕಾಂತನ ಹೆಂಡತಿ ಶ್ರೀವಿದ್ಯಾ, "ಹಾಲ್ ಟಿಕೆಟ್ ತಗೊಂಡ್ರಾ?" ಎಂದಳು. ಲಕ್ಷ್ಮಿಕಾಂತ ಜೇಬು ಮುಟ್ಟಿ ತೋರಿಸಿದ.

ಟಿನ್ ಫ್ಯಾಕ್ಟರಿ ಹತ್ತಿರ ಮೆಟ್ರೋ ಹತ್ತಿ, ಗುಡುಗು ಮಳೆಯ ಪಾಠ ತೆರೆದು ಕೂತ. ಇಂದಿರಾನಗರ ಬಂದಾಗ ಏಕೋ ತಲೆಯೆತ್ತಿ ಹಿಂದಕ್ಕೆ ನೋಡಿದ. ಕೆ.ಆರ್. ಪುರದ ದಿಕ್ಕಿನಲ್ಲಿ, ತನ್ನ ಬೀದಿ ಇರುವ ಕಡೆಗೇ, ಒಂದು ಮೋಡ ಉಕ್ಕಿ ಪಾತ್ರೆಯ ಮುಚ್ಚಳ ತಳ್ಳಿದ ದೋಸೆಹಿಟ್ಟಿನ ಹಾಗೆ ಎದ್ದು ನಿಂತಿತ್ತು. ಕೆಳಗೆ ಕಪ್ಪು, ಮೇಲೆ ಚಪ್ಪಟೆ. ಪುಸ್ತಕದ ಚಿತ್ರವೇ ಜೀವ ತಳೆದು ಬಂದಂತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅವನು ಪಾಠದ ಮೋಡವನ್ನು ಆಕಾಶದಲ್ಲಿ ಗುರುತು ಹಿಡಿದಿದ್ದ. ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಶಾಮಿಯಾನದ ನೆನಪಾಯಿತು.

ಎದುರಿನ ಕಟ್ಟಡದ ಮೇಲಿನ ಬಾವುಟ ಆ ಮೋಡದ ಕಡೆಗೇ ಹಾರುತ್ತಿತ್ತು. ಗಾಳಿ ಅತ್ತ ಬೀಸುತ್ತಿದೆ ಎಂದರೆ ಮೋಡ ಇತ್ತ ಬರುವುದಿಲ್ಲ, ಅಲ್ಲೇ ಸುರಿಯುತ್ತದೆ ಎಂದು ಅವನು ಲೆಕ್ಕ ಹಾಕಿದ. ಹಲಸೂರಿಗೆ ಇನ್ನೊಂದೇ ಸ್ಟೇಷನ್. ಲಕ್ಷ್ಮಿಕಾಂತ ಇಳಿದುಬಿಟ್ಟ.

ಮುನೀರರಿಗೆ ನಾಲ್ಕು ಸಲ ಫೋನ್ ಮಾಡಿದ. ಎತ್ತಲಿಲ್ಲ. ಶ್ರೀವಿದ್ಯಾಳ ಫೋನ್ ಮನೆಯೊಳಗೆ ಚಾರ್ಜಿಗಿತ್ತು. ಬೀದಿಯ ವಾಟ್ಸಾಪ್ ಗುಂಪಿಗೆ 'ಮಳೆ ಬರುತ್ತೆ, ಎಲ್ಲ ಕೆಳಗಿಳಿಸಿ' ಎಂದು ಹಾಕಿದರೆ, ಶೇಷಮ್ಮ ಅದಕ್ಕೊಂದು ಕೈಮುಗಿದ ಚಿತ್ರ ಕಳಿಸಿದರು. ಇಕ್ರಾಳನ್ನು ಅವನು ಚಿಕ್ಕ ಮಗುವಿನಿಂದ ನೋಡಿದ್ದ. ಆ ಹುಡುಗಿ ಗಂಡಿನವರೆದುರು ತೊಯ್ದು ತೊಪ್ಪೆಯಾಗಿ ನಿಲ್ಲುವುದನ್ನು ನೆನೆಸಿಕೊಂಡ. ಎದುರಿನ ಪ್ಲಾಟ್‌ಫಾರಮ್ಮಿಗೆ ಹೋಗಿ ವಾಪಸ್ ಹೊರಡುವ ರೈಲು ಹತ್ತಿದ.

ಬೀದಿಗೆ ಬಂದು, ಏದುಸಿರು ಬಿಡುತ್ತ, "ಮುನೀರ್ ಸಾಬ್, ಎಲ್ಲ ಕೆಳಗಿಳಿಸಿ. ದೊಡ್ಡ ಮಳೆ ಬರ್ತಿದೆ," ಎಂದ.

"ಬೆಳಗ್ಗೆ ಬರಲ್ಲ ಅಂದ್ರಲ್ಲ ಸಾರ್?"

"ಬೆಳಗ್ಗೆ ಸುಮ್ನೆ ಹೇಳ್ದೆ. ಈಗ ಓದ್ಕೊಂಡು ಹೇಳ್ತಿದೀನಿ."

ಓದಿದವರ ಮಾತಿಗೆ ಎದುರಾಡುವ ಅಭ್ಯಾಸ ಮುನೀರರಿಗೆ ಇರಲಿಲ್ಲ. ಕುರ್ಚಿಗಳು ಇಳಿದವು, ಬಿರಿಯಾನಿ ತುಂಬಿದ ಡೇಗು ಇಳಿಯಿತು. ಸೋಫಾ ಮಾತ್ರ ಮೆಟ್ಟಿಲಿನ ತಿರುವಿನಲ್ಲಿ, ಬಾಟಲಿಯ ಕತ್ತಿನಲ್ಲಿ ಕೂತ ಬೆಂಡಿನ ಹಾಗೆ ಸಿಕ್ಕಿಕೊಂಡಿತು. ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ ಉಳಿದರು. ಮೇಲೆ ಉಳಿದವರಲ್ಲಿ ಜರಿ ದುಪಟ್ಟಾ ಹೊದ್ದು ಫೋಟೋ ತೆಗೆಸಿಕೊಳ್ಳಲು ಹೋಗಿದ್ದ ಇಕ್ರಾ ಇದ್ದಳು. ಕೆಳಗೆ, ಸರಿಯಾಗಿ ಅದೇ ಹೊತ್ತಿಗೆ, ಗಂಡಿನವರ ಎರಡು ವ್ಯಾನು ಬಂದು ನಿಂತವು.

ಹುಡುಗನ ಅಜ್ಜಿ ಬೀದಿಯಲ್ಲೇ ಒಂದು ಕೆಂಪು ಕುರ್ಚಿಯ ಮೇಲೆ ಕೂತು ತಲೆಗೆ ಸೆರಗು ಎಳೆದುಕೊಂಡರು. ಬಿಸಿಲು ಸುಡುತ್ತಿತ್ತು. ಅರ್ಧ ಗಂಟೆ ಕಳೆಯಿತು. ಬಡಗಿ ಬಂದು ಸೋಫಾದ ಕಾಲು ಬಿಚ್ಚಿದ. ಅಷ್ಟರಲ್ಲಿ ಪೂರ್ವದ ಆಕಾಶ ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛವಾಗಿತ್ತು.

"ಬೆಳಗ್ಗೆ ಸರಿಯಾಗೇ ಹೇಳಿದ್ರಲ್ಲ," ಎಂದರು ಶೇಷಮ್ಮ. "ಮತ್ತೆ ಓದೋಕೆ ಯಾಕ್ ಹೋದ್ರಿ?"

ಲಕ್ಷ್ಮಿಕಾಂತ ಮೂಲೆಯಲ್ಲಿ ನಿಂತು ಪುಸ್ತಕದ ಮುಂದಿನ ಪುಟ ತೆರೆದ. ಗುಡುಗುಮೋಡ ನೆಲದ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಎಷ್ಟೋ ಸಲ ಅದು ಗಾಳಿಗೆ ಎದುರಾಗಿಯೇ ಬರುತ್ತದೆ ಎಂದು ಅಲ್ಲಿ ಬರೆದಿತ್ತು. ಒಂದು ಪುಟ ಹೆಚ್ಚಿಗೆ ಓದಿದ್ದರೆ ಸಾಕಾಗಿತ್ತು.

"ನೀವು ಪರೀಕ್ಷೆ ಬಿಟ್ಟು ಬಂದ್ರಾ?" ಶ್ರೀವಿದ್ಯಾ ಮೆಲ್ಲಗೆ ಕೇಳಿದಳು. ಅವನು ಜೇಬಿನಿಂದ ಹಾಲ್ ಟಿಕೆಟ್ ತೆಗೆದು ಅವಳ ಕೈಗಿಟ್ಟ. ಅವಳ ಪ್ರಶ್ನೆ ಶೇಷಮ್ಮನ ಮಾತಿಗಿಂತ ಹೆಚ್ಚು ಚುಚ್ಚಿತು.

ಉಂಗುರ ತೊಡಿಸಿ ಮುಗಿಯುವ ಹೊತ್ತಿಗೆ ಅವನ ಫೋನಿಗೆ ಮೆಸೇಜ್ ಬಂತು. ಹಲಸೂರಿನಲ್ಲಿ ಭಾರಿ ಮಳೆಯಾಗಿ ಪರೀಕ್ಷೆಯ ಕೋಣೆಗೆ ನೀರು ನುಗ್ಗಿದೆ, ಪರೀಕ್ಷೆ ರದ್ದಾಗಿದೆ, ಮುಂದಿನ ಭಾನುವಾರ ಮತ್ತೆ ನಡೆಯುತ್ತದೆ ಎಂದಿತ್ತು. ಶ್ರೀವಿದ್ಯಾ ಅದನ್ನು ಗಟ್ಟಿಯಾಗಿ ಓದಿದಳು. ಮುನೀರ್ ಅವನ ಬಾಯಿಗೆ ಒಂದು ಪೇಢಾ ತುರುಕಿದರು. ಇಕ್ರಾ ದೂರದಿಂದಲೇ ನಕ್ಕು, "ಕಂಗ್ರಾಟ್ಸ್ ಅಂಕಲ್," ಎಂದಳು.

ಪೇಢಾ ನುಂಗುತ್ತಲೇ ಅವನು ಕೇಂದ್ರದ ಸಂಚಾಲಕರಿಗೆ ಫೋನ್ ಮಾಡಿದ.

"ಸಹಿ ಮಾಡಿ ಕೂತಿದ್ದವರಿಗೆ ಮಾತ್ರ ಮರುಪರೀಕ್ಷೆ ಸಾರ್," ಎಂದರು ಸಂಚಾಲಕರು. "ನೀವು ಆಬ್ಸೆಂಟ್ ಆಗಿದೀರಿ. ಆದ್ರೂ ಚಿಂತೆ ಬೇಡ, ಒಂದು ದಾರಿ ಇದೆ. ಮಳೆಯಿಂದ ಮನೆ ಬಿಟ್ಟು ಬರೋಕಾಗಿಲ್ಲ ಅಂದವರನ್ನೂ ಸೇರಿಸ್ಕೊಳ್ತಿದೀವಿ. ನಿಮ್ಮ ಏರಿಯಾದಲ್ಲಿ ಮಳೆ ಬಂತು ಅಂತ ಒಂದು ಲೆಟರ್ ಬರೆದು, ಅಕ್ಕಪಕ್ಕದ ಇಬ್ಬರ ಸಹಿ ಹಾಕಿಸಿ ಕೊಡಿ. ಬಂತು ತಾನೇ?"

ಲಕ್ಷ್ಮಿಕಾಂತ ಸುತ್ತ ನೋಡಿದ. ಅಕ್ಕಪಕ್ಕದವರು ಇಬ್ಬರಲ್ಲ, ಇಡೀ ಬೀದಿಯವರೇ ಅಲ್ಲಿದ್ದರು. ಗಂಡಿನ ಅಜ್ಜಿ ಇನ್ನೂ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

"ಇಲ್ಲ ಸಾರ್," ಎಂದ. "ಒಂದು ಹನಿಯೂ ಬೀಳಲಿಲ್ಲ."

"ಅಯ್ಯೋ," ಎಂದರು ಸಂಚಾಲಕರು. "ಹಾಗಾದ್ರೆ ಜುಲೈನಲ್ಲಿ ಹೊಸದಾಗಿ ಅರ್ಜಿ ಹಾಕ್ಬಿಡಿ ಸಾರ್. ಮೊದಲ ಪಾಠದ ಪುಸ್ತಕ ನಾವೇ ಕಳಿಸ್ತೀವಿ."