ಡೆಕ್ಕಿಗೆ ಸಕ್ಕರೆ

ನಮ್ಮೂರಿನ ಹೆಂಗಸರೆಲ್ಲ ತಕರಾರಿಲ್ಲದೆ ಗಂಡಂದಿರ ಹಾಯಿದೋಣಿ ಹತ್ತುತ್ತಾರೆ. ನನ್ನ ಯೂನಿಸ್ ಮಾತ್ರ ಹೋದ ವರ್ಷ ಒದ್ದೆ ಡೆಕ್ಕಿನ ಮೇಲೆ ಜಾರಿ ಧೊಪ್ಪನೆ ಕೂತವಳು (ಪೆಟ್ಟು ಎಲ್ಲಿಗಾಯಿತೆಂದು ಬರೆದರೆ ಇವತ್ತು ನನಗೆ ಊಟವಿಲ್ಲ), "ಇದು ಜಾರೋದು ಬಿಡೋವರೆಗೂ ನಾನು ಕಾಲಿಡಲ್ಲ" ಎಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟಳು.

ಆ ಬೇಸಿಗೆಯೆಲ್ಲ ಮಹೋನ್ ಕೊಲ್ಲಿಯಲ್ಲಿ ನಾನೊಬ್ಬನೇ. ಮೊಟ್ಟೆ ಸ್ಯಾಂಡ್‌ವಿಚ್ಚಿನ ಅರ್ಧವನ್ನು ಅಭ್ಯಾಸಬಲದಿಂದ ಪಕ್ಕಕ್ಕೆ ಚಾಚಿದರೆ ಕಡಲಹಕ್ಕಿ ಕಿತ್ತುಕೊಂಡು ಹೋಗುತ್ತಿತ್ತು. ಸುಳ್ಳೇಕೆ, ಬೈಯುವವರಿಲ್ಲದೆ ಕಡಲು ಬಿಕೋ ಎನ್ನುತ್ತಿತ್ತು. ಅದಕ್ಕೇ ಈ ವಸಂತದಲ್ಲಿ, ದೋಣಿಯಿನ್ನೂ ದಡದ ಮೇಲಿರುವಾಗಲೇ, ಡೆಕ್ಕಿಗೆ ಜಾರದ ಬಣ್ಣ ಹೊಡೆದು ಅವಳನ್ನು ಮರಳಿ ಗೆಲ್ಲುವ ಮಹಾಸಂಕಲ್ಪ ಮಾಡಿದೆ.

ಪಕ್ಕದ ದೋಣಿಯ ಕ್ಲೈವ್ ಉಪದೇಶಿಸಿದ: "ಬಣ್ಣಕ್ಕೆ ಮರಳು ಹಾಕ್ಬೇಡ ಮಾರಾಯ, ಮಂಡಿ ತರಿದುಹೋಗತ್ತೆ. ಒದ್ದೆ ಬಣ್ಣದ ಮೇಲೆ ಸಕ್ಕರೆ ಉದುರಿಸು. ಗಟ್ಟಿಯಾದ್ಮೇಲೆ ನೀರು ಹೊಯ್ದರೆ ಸಕ್ಕರೆ ಕರಗಿ ಹೋಗತ್ತೆ, ಒರಟು ಉಳ್ಕೊಳತ್ತೆ."

ಸಂಜೆ ಮನೆಯಲ್ಲಿ ವಿಚಾರಣೆ.

"ಜಾಮಿಗೆ ಇಟ್ಟಿದ್ದ ಸಕ್ಕರೆ ಎಲ್ಲಿ ಮುರ್ಡಾಕ್?"

"ದೋಣೀಲಿ."

"ದೋಣಿಗೇನು, ನಾಮಕರಣವಾ? ನನ್ನ ಹಿಟ್ಟಿನ ಜರಡಿ?"

"ಅದೂ ಅಲ್ಲೇ ಇದೆ. ಎಲ್ಲಾ ನಿನಗೋಸ್ಕರ ಕಣೇ."

"ನನಗೋಸ್ಕರ ನನ್ನ ಅಡುಗೆಮನೆನೇ ದೋಚ್ತೀಯಾ? ಬಣ್ಣ ಹತ್ತಿದ ಜರಡಿ ಮನೆಗೆ ತರ್ಬೇಡ. ಬಣ್ಣ ಹತ್ತಿದ ನೀನೂ ಬರ್ಬೇಡ."

ಹಾಗಾಗಿ ಮೈಗಂಟಿದ ಬಣ್ಣ ತೊಳೆದುಕೊಳ್ಳುವವರೆಗೂ ನನ್ನ ಊಟ ಮನೆಯ ಹೊರಗಿನ ಮೆಟ್ಟಿಲ ಮೇಲೆಯೇ ಆಗುತ್ತಿತ್ತು. ಹಗಲೆಲ್ಲ ಮಂಡಿಯೂರಿ ಉರುಳೆಯಿಂದ ಬಣ್ಣ ಬಳಿಯುವುದು, ಮೇಲೆ ಜರಡಿ ಆಡಿಸುವುದು. ಮಾತಾಡಿಸಲು ನರಪಿಳ್ಳೆಯಿಲ್ಲ. ಕೊನೆಗೆ ಸಕ್ಕರೆಯ ವಾಸನೆಗೆ ಕಣಜದ ಹುಳುಗಳು ಬಂದವು. (ಅಂತೂ ನನ್ನ ದೋಣಿಗೂ ಅತಿಥಿಗಳು!) ಅವುಗಳಲ್ಲಿ ಒಂದು ಮೂಗಿಗೆ ಚುಚ್ಚುವವರೆಗೂ ನಾನು ಅವುಗಳೊಡನೆ ಹವಾಮಾನದ ಬಗ್ಗೆ ಮಾತಾಡುತ್ತಲೇ ಇದ್ದೆ.

ದೋಣಿ ನೀರಿಗಿಳಿದ ದಿನ ಯೂನಿಸ್ ಬಂದಳು. ಡೆಕ್ಕಿನ ತುದಿಯಿಂದ ತುದಿಗೆ ನಡೆದಳು. ನಾನು ಬಕೆಟ್ ನೀರು ಸುರಿದೆ, ಮತ್ತೆ ನಡೆದಳು. ಕುಣಿದೂ ನೋಡಿದಳು. ಊಹೂಂ, ಜಾರಲಿಲ್ಲ. ಒಳಗೆ ಅವಳಿಗೆಂದೇ ಹೊಸ ದಿಂಬು ಇಟ್ಟಿದ್ದೆ, ಚಹಾಕ್ಕೆ ಎರಡು ಲೋಟ ತಂದಿದ್ದೆ.

"ಅಬ್ಬ, ಚೆನ್ನಾಗಿ ಮಾಡಿದೀಯ ಕಣೋ," ಎಂದಳು. "ಹೋದ ವರ್ಷ ನೀನು ಹೋದಾಗಲೆಲ್ಲ, ಎಲ್ಲಿ ಜಾರಿ ನೀರಿಗೆ ಬಿದ್ನೋ ಅಂತ ಕಿಟಕಿ ಬಿಟ್ಟು ಕದಲ್ತಿರಲಿಲ್ಲ ನಾನು. ಇನ್ನು ಆ ಚಿಂತೆ ಇಲ್ಲ. ನೀನು ಆರಾಮಾಗಿ ಹೋಗಿ ಬಾ, ನಾನು ಎಲ್ಸ್ಪೆತ್ ಮನೆಗೆ ಇಸ್ಪೀಟಿಗೆ ಹೋಗ್ತೀನಿ."

"ಮತ್ತೆ ನೀನು ಬರಲ್ವಾ? ಡೆಕ್ಕು ಜಾರೋದು ಬಿಡ್ತಲ್ಲ."

"ಜಾರೋದು ಬಿಡ್ತು. ಓಲಾಡೋದು ಬಿಡ್ತಾ?"

ನನ್ನ ಕೆನ್ನೆ ತಟ್ಟಿ, ದೋಣಿ ಕಟ್ಟಿದ್ದ ಕಟ್ಟೆ ಹತ್ತಿದಳು. ತಾನೇ ಹಗ್ಗ ಬಿಚ್ಚಿ ಡೆಕ್ಕಿನ ಮೇಲೆ ಎಸೆದಳು. ಹಗ್ಗ ಬಿದ್ದ ಜಾಗದಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ. ಅದರ ಪಕ್ಕದಲ್ಲಿ ನಾನೂ ಹಾಗೆಯೇ ನಿಂತಿದ್ದೆ.